ನೋಟಿಸ್ ಪತ್ರದ ಕೊನೆ ಹೇಗಿರಬೇಕು? ವಕೀಲರಿಗೊಂದು ಪ್ರಶ್ನೆ

ಪ್ರಶ್ನೆ: ನಮಸ್ಕಾರ ಸರ್. ಮೈಸೂರಿನ ಸರಸ್ವತಿಪುರಂನಲ್ಲಿ ಬಾಡಿಗೆಗಿದ್ದೆವು. ಮನೆ ಖಾಲಿ ಮಾಡಿ ಮಂಡ್ಯಕ್ಕೆ ಬಂದಿದ್ದೇವೆ. ಓನರ್ 60,000 ರೂಪಾಯಿ ಅಡ್ವಾನ್ಸ್ ವಾಪಸ್ ಕೊಡುತ್ತಿಲ್ಲ. ನಾನೇ ಪತ್ರ ಬರೆದಿದ್ದೇನೆ, ಆದರೆ ಮುಗಿಸುವುದು ಹೇಗೆ ಗೊತ್ತಾಗುತ್ತಿಲ್ಲ. ‘ಇಂತಿ ತಮ್ಮ ವಿಶ್ವಾಸಿ’ ಅಂದರೆ ತುಂಬಾ ಮೆತ್ತಗಾಯಿತು ಅಂತಾನೆ ಅಣ್ಣ. ‘ಸ್ಟೇಷನ್ ಮೆಟ್ಟಿಲು ಹತ್ತಿಸುತ್ತೇನೆ’ ಅಂತ ಸೇರಿಸಲಾ?

ಉತ್ತರ: ಬೇಡ. ‘ತಮ್ಮ ವಿಶ್ವಾಸಿ’ ಇರಲಿ, ಅದರಿಂದ ನಿಮ್ಮ ಹಕ್ಕೇನೂ ಕಡಿಮೆಯಾಗುವುದಿಲ್ಲ. ಪತ್ರಕ್ಕೆ ಬಲ ಬರುವುದು ಅದರ ಮೇಲಿನ ಪ್ಯಾರಾದಿಂದ. ಏನು ಬೇಕು, ಯಾವಾಗಿನೊಳಗೆ ಬೇಕು, ಕೊಡದಿದ್ದರೆ ಏನು ಮಾಡುತ್ತೀರಿ, ಈ ಮೂರೂ ಅಲ್ಲಿರಬೇಕು. ಹೀಗೆ ಬರೆಯಿರಿ:

‘ಈ ಪತ್ರ ತಲುಪಿದ 15 ದಿನಗಳೊಳಗೆ 60,000 ರೂಪಾಯಿಯನ್ನು ಕೆಳಗಿನ ಬ್ಯಾಂಕ್ ಖಾತೆಗೆ ಜಮಾ ಮಾಡಬೇಕು. ತಪ್ಪಿದಲ್ಲಿ ಹಣ ವಸೂಲಿಗೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡುತ್ತೇನೆ. ಅದರ ಖರ್ಚನ್ನೂ ತಮ್ಮಿಂದಲೇ ಕೇಳುತ್ತೇನೆ.’

‘ಆದಷ್ಟು ಬೇಗ ಕೊಡಿ’ ಅಂತ ಮಾತ್ರ ಬರೆಯಬೇಡಿ. ಅದಕ್ಕೆ ಗಡುವೇ ಇಲ್ಲ ಅಲ್ವಾ? ಇಲ್ಲಿ 15 ದಿನ ನಾವೇ ಹಾಕಿಕೊಂಡ ಗಡುವು. ಚೆಕ್ ಬೌನ್ಸ್ ನೋಟಿಸಾದರೆ 15 ದಿನ ಕಾನೂನೇ ಕೊಟ್ಟದ್ದು, ಅದನ್ನು ಕಡಿಮೆ ಮಾಡುವ ಹಾಗಿಲ್ಲ. ಬೈಗುಳ, ಬೆದರಿಕೆ ಇದ್ದರೆ ನಾಳೆ ಅವರ ವಕೀಲರು ನ್ಯಾಯಾಧೀಶರ ಮುಂದೆ ಮೊದಲು ಓದುವುದೇ ಆ ಸಾಲನ್ನು.

ಆಮೇಲೆ ಸ್ಥಳ, ದಿನಾಂಕ, ಸಹಿ, ಸಹಿಯ ಕೆಳಗೆ ಪೂರ್ತಿ ಹೆಸರು, ವಿಳಾಸ. ಎರಡು ಪುಟ ಇದ್ದರೆ ಎರಡರಲ್ಲೂ ಸಹಿ. ಕೊನೆಗೆ ‘ಲಗತ್ತು’ ಅಂತ ಬರೆದು ಅಗ್ರಿಮೆಂಟ್ ಮತ್ತು ಹಣ ಕೊಟ್ಟ ರಸೀದಿಯ ಜೆರಾಕ್ಸ್ ನಮೂದಿಸಿ. ಒರಿಜಿನಲ್ ಕಳಿಸಬೇಡಿ!

ಪ್ರಶ್ನೆ: ಥ್ಯಾಂಕ್ಸ್ ಸರ್. ಕೊನೆಯಲ್ಲಿ ‘ವಿದೌಟ್ ಪ್ರಿಜುಡಿಸ್’ ಅಂತ ಹಾಕಬೇಕಾ? ಎಲ್ಲೋ ನೋಡಿದ್ದೆ. ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಕಾ?

ಉತ್ತರ: ಈ ಪತ್ರಕ್ಕೆ ಬೇಡ. ಅದು ರಾಜಿ ಮಾತಿಗೆ. ‘40,000 ಕೊಡಿ, ಮುಗಿಸೋಣ’ ಅಂತ ಬರೆಯುವಾಗ, ಅದನ್ನೇ ನಿಮ್ಮ ಒಪ್ಪಿಗೆ ಅಂತ ಕೋರ್ಟಿನಲ್ಲಿ ತೋರಿಸಬಾರದು ಅಂತ ಹಾಕುತ್ತಾರೆ. ಈಗಿನ ಪತ್ರವನ್ನು ಕೋರ್ಟಿಗೆ ತೋರಿಸಬೇಕಾದವರೇ ನೀವು. ಸುಮ್ನೆ ಸೀಲು ಹೊಡೆದ ಹಾಗೆ ಎಲ್ಲದಕ್ಕೂ ಅದನ್ನು ಹಾಕುವ ಅಭ್ಯಾಸ ನಮ್ಮವರಲ್ಲೂ ಇದೆ, ಬಿಡಿ.

ವಾಟ್ಸಾಪ್‌ನಲ್ಲೂ ಕಳಿಸಿ, ಆದರೆ ಅದನ್ನೇ ನಂಬಬೇಡಿ. ರಿಜಿಸ್ಟರ್ ಪೋಸ್ಟನ್ನು 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ. ಕೌಂಟರಿನಲ್ಲಿ ರಿಜಿಸ್ಟ್ರೇಷನ್ ಬೇಕು, ತಲುಪಿದ ಪುರಾವೆಯೂ ಬೇಕು ಅಂತ ಕೇಳಿ. ರಸೀದಿ ಜೋಪಾನ.

ಇನ್ನೊಬ್ಬ ಸದಸ್ಯರು, ಪಾಂಡವಪುರ: ಸರ್, ನಾನು ಪಹಣಿ ತಿದ್ದುಪಡಿಗೆ ತಹಶೀಲ್ದಾರರಿಗೆ ಅರ್ಜಿ ಬರೆಯುತ್ತಿದ್ದೇನೆ. ಇದಕ್ಕೂ ಹೀಗೇನಾ?

ಉತ್ತರ: ಇಲ್ಲಣ್ಣ, ಅಲ್ಲಿ ದಾವೆಯ ಮಾತು ಬೇಡ. ‘ತಿದ್ದುಪಡಿ ಮಾಡಿಕೊಡಬೇಕೆಂದು ಕೋರುತ್ತೇನೆ’ ಅಂದು ‘ತಮ್ಮ ವಿಶ್ವಾಸಿ’ ಹಾಕಿ, ಸಹಿ ಮಾಡಿ, ಮೊಬೈಲ್ ನಂಬರ್ ಬರೆಯಿರಿ. ಕೈಕಾಲು ಹಿಡಿಯುವಂಥ ಮಾತು ಅನಗತ್ಯ. ಮುಂದೆ ಸರ್ಕಾರದ ಮೇಲೆ ದಾವೆ ಹೂಡುವ ಹಂತ ಬಂದರೆ ಸಾಮಾನ್ಯವಾಗಿ ಎರಡು ತಿಂಗಳ ಮುಂಚೆ ಬೇರೆಯೇ ನೋಟಿಸ್ ಕೊಡಬೇಕು, ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 80ನೇ ಸೆಕ್ಷನ್ ಪ್ರಕಾರ. ಅದನ್ನು ವಕೀಲರಿಂದಲೇ ಬರೆಸಿ. ಈಗ ಅರ್ಜಿಯ ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದನ್ನು ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ತಾರೀಕಿನ ಸಮೇತ ಸೀಲು ಹಾಕಿಸಿಕೊಳ್ಳಿ.