ಸಹಾಯ ಬೇಕು: ವೇಲ್ಸ್‌ನ ಹಳ್ಳಿ ಚರ್ಚ್ ಅಂಗಳದಲ್ಲಿ ವಾಲಿದ ಪೆಟ್ಟಿಗೆ ಗೋರಿ

ಸುಣ್ಣದ ಗಾರೆ, ಕಲ್ಲಿನ ಕೆಲಸ ಬಲ್ಲವರು ದಯವಿಟ್ಟು ಓದಿ. ಒಂದೇ ಮನೆತನದ, 19ನೇ ಶತಮಾನದ ಮರಳುಗಲ್ಲಿನ ಗೋರಿಗಳು. ಮೇಲೆ ಕಾಣುವುದು ಟೊಳ್ಳು ಕಲ್ಲುಪೆಟ್ಟಿಗೆ ಮಾತ್ರ, ಹೂತಿರುವುದು ನೆಲದಡಿ. ಒಂದರಲ್ಲಿ ಮೂಲೆ ಹಿಡಿದಿದ್ದ ಕಬ್ಬಿಣದ ಕೊಂಡಿ ತುಕ್ಕು ಹಿಡಿದು ಉಬ್ಬಿ ಕಲ್ಲನ್ನು ಸೀಳಿದೆ, ಪಕ್ಕದ ಚಪ್ಪಡಿ ಎರಡು ಬೆರಳಷ್ಟು ಹೊರಕ್ಕೆ ವಾಲಿದೆ. ಹಿಂದೆ ಯಾರೋ ಸಂದಿಗೆ ಸಿಮೆಂಟ್ ಮೆತ್ತಿದ್ದಾರೆ. ಒಳಗಿನ ತೇವ ಹೊರಬರಲಾಗದೆ ಚಳಿಗೆ ಹೆಪ್ಪುಗಟ್ಟಿ, ಅಕ್ಷರವಿರುವ ಪದರವೇ ಏಳುತ್ತಿದೆ. ಐವಿ ಬಳ್ಳಿಯ ಬುಡ ಕತ್ತರಿಸಿ ಒಣಗಲು ಬಿಟ್ಟಿದ್ದೇವೆ. ಹಸಿ ಬಳ್ಳಿ ಎಳೆದರೆ ಕಲ್ಲೂ ಕಿತ್ತು ಬರುತ್ತದೆ, ಯಾರೂ ಹಾಗೆ ಮಾಡಬೇಡಿ.

ಚರ್ಚ್ ಇನ್ ವೇಲ್ಸ್‌ನ (ವೇಲ್ಸ್‌ನ ಆಂಗ್ಲಿಕನ್ ಚರ್ಚ್) ‘ಫ್ಯಾಕಲ್ಟಿ’ಗೆ, ಅಂದರೆ ಇಂಥ ಕೆಲಸಕ್ಕೆ ಚರ್ಚ್ ಕೊಡುವ ಅನುಮತಿಗೆ, ಅರ್ಜಿ ಸಿದ್ಧವಾಗುತ್ತಿದೆ. ಅದು ಸಿಗುವವರೆಗೆ ಏನನ್ನೂ ಬಿಚ್ಚುವುದಿಲ್ಲ. ಆಮೇಲೆ ಚಪ್ಪಡಿಗಳಿಗೆ ನಂಬರ್ ಹಾಕಿ ಬಿಚ್ಚಿ, ಸ್ಟೇನ್‌ಲೆಸ್ ಸ್ಟೀಲ್ ಕೊಂಡಿ ಕೂರಿಸಿ, ಸುಣ್ಣದ ಗಾರೆಯಲ್ಲಿ ಮತ್ತೆ ಕಟ್ಟುವ ಯೋಚನೆ.

ಮೇಲ್ಗಲ್ಲು 2 ಮೀ. ಉದ್ದ, 1 ಮೀ. ಅಗಲ, 12 ಸೆಂ.ಮೀ. ದಪ್ಪ, ಅಂದರೆ ಸುಮಾರು 600 ಕೆಜಿ. ನಡುವೆ ಅಡ್ಡಲಾಗಿ ಹಳೇ ಬಿರುಕಿದೆ. ಎತ್ತುವಾಗ ಪಟ್ಟಿ ಎಲ್ಲೆಲ್ಲಿ ಹಾಕಬೇಕು, ಕಲ್ಲಿನ ಕೆಳಗೆ ಮರದ ತೊಲೆ ಬೇಕೇ? ಗಾರೆಗೆ ಎನ್‌ಎಚ್‌ಎಲ್ (ನೀರು ಸೇರಿದಾಗ ಗಟ್ಟಿಯಾಗುವ ನೈಸರ್ಗಿಕ ಸುಣ್ಣ; ಅಂಕಿ ಹೆಚ್ಚಿದಷ್ಟೂ ಗಟ್ಟಿ) ಬಳಸುವುದಾದರೆ, ಈ ಮೆತ್ತನೆ ಕಲ್ಲಿಗೆ ಎನ್‌ಎಚ್‌ಎಲ್ 2 ಸಾಕೇ, ಎನ್‌ಎಚ್‌ಎಲ್ 3.5 ತೀರಾ ಗಟ್ಟಿಯಾದೀತೇ? ತಾಪಮಾನ 5 ಡಿಗ್ರಿಗಿಂತ ಇಳಿದರೆ ಗಾರೆ ಕೆಲಸ ಮಾಡುವಂತಿಲ್ಲ, ಹಾಗಾಗಿ ಬೇಸಿಗೆಯಲ್ಲೇ ಮುಗಿಸಬೇಕು. ಇಂಥ ಕೆಲಸ ಕೈಯಾರೆ ಮಾಡಿದವರು ತಿಳಿಸಿ.