‘ವ್ಯಾಪಾರ ಚಿಹ್ನೆ’, ‘ತಿರಸ್ಕೃತ’, ‘ನೈಟ್ಸ್’: ಹಾಕಿ ತಂಡಗಳ ಹೆಸರು ಬರೆಯುವಾಗ ಎದ್ದ ಪ್ರಶ್ನೆಗಳು

ಗೆಳೆಯರೇ, ನಮಸ್ಕಾರ.

ನಮ್ಮ ಕನ್ನಡ ಕೂಟದ ಪತ್ರಿಕೆಗೆ ಐಸ್ ಹಾಕಿ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಆಟದ ನಿಯಮಗಳ ಭಾಗ ಸಲೀಸಾಗಿ ಮುಗಿಯಿತು. ಪಕ್ ಅಂದರೆ ರಬ್ಬರ್ ಬಿಲ್ಲೆ ಎಂದು ಬರೆದರೆ ಯಾರಿಗಾದರೂ ತಿಳಿಯುತ್ತದೆ. ನಾನು ಸಿಕ್ಕಿಕೊಂಡಿರುವುದು ತಂಡಗಳ ಹೆಸರಿನ ಭಾಗದಲ್ಲಿ. ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಒಂದು ಹೆಸರು ಅಂಗಿಯ ಮೇಲೆ ಬರುವ ಹೊತ್ತಿಗೆ ಹತ್ತು ಹೆಸರು ಬಿದ್ದಿರುತ್ತವೆ. ಹಾಕಿಗೆ ಹೆಸರು ಹಾಕಿ ಎಂದರೆ ಅಷ್ಟು ಸುಲಭ ಅಲ್ಲ. ಬಿದ್ದ ಹೆಸರುಗಳ ಕಥೆಯೇ ಜಾಸ್ತಿ ರುಚಿ. ಆದರೆ ಅದನ್ನು ಕನ್ನಡದಲ್ಲಿ ಹೇಳಲು ಹೋದರೆ ಪದಗಳು ಕೈ ಕೊಡುತ್ತವೆ.

ಮೊದಲ ಪ್ರಶ್ನೆ ಟ್ರೇಡ್‌ಮಾರ್ಕ್ ಬಗ್ಗೆ. 2024ರಲ್ಲಿ ಅರಿಜೋನಾ ಕೊಯೋಟೀಸ್ ತಂಡದ ಆಟಗಾರರು ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಗೆ ಬಂದರು. ಹೊಸ ಮಾಲೀಕ ರಯಾನ್ ಸ್ಮಿತ್‌ಗೆ ಹೆಸರು ಹುಡುಕುವಷ್ಟು ಸಮಯ ಇರಲಿಲ್ಲ. ಮೊದಲ ವರ್ಷ ಸುಮ್ನೆ ‘ಯೂಟಾ ಹಾಕಿ ಕ್ಲಬ್’ ಎಂದು ಆಡಿದರು. ಈ ನಡುವೆ ಅಭಿಮಾನಿಗಳ ಮುಂದೆ 20 ಹೆಸರು ಇಟ್ಟು ಓಟು ಕೇಳಿದರು. ಅದರಲ್ಲಿ ಆರು ಉಳಿದವು. ‘ಯೇತಿ’ ಜನರಿಗೆ ಚೆನ್ನಾಗಿ ಹಿಡಿಸಿತ್ತು. ಆದರೆ 2025ರ ಜನವರಿಯಲ್ಲಿ ಅಮೆರಿಕದ ಟ್ರೇಡ್‌ಮಾರ್ಕ್ ಕಚೇರಿ ‘ಯೂಟಾ ಯೇತೀಸ್’ ಅರ್ಜಿಗೆ ಒಪ್ಪಲಿಲ್ಲ. ಟೆಕ್ಸಸ್‌ನ ಆಸ್ಟಿನ್ ಊರಿನಲ್ಲಿ ಯೇತಿ ಹೆಸರಿನ ಕಂಪನಿ ಇದೆ. ಐಸ್ ಪೆಟ್ಟಿಗೆ, ಲೋಟ, ಟೋಪಿ, ಟೀಶರ್ಟ್ ಮಾರುತ್ತದೆ. ಟೋಪಿ, ಟೀಶರ್ಟ್ ಮಾರದ ಹಾಕಿ ತಂಡ ಎಲ್ಲಿದೆ? ಕೊಳ್ಳುವವರಿಗೆ ಇದು ಯಾರ ಮಾಲು ಎಂದು ಗೊಂದಲ ಆಗುತ್ತದೆ ಅನ್ನುವುದು ಕಚೇರಿ ಕೊಟ್ಟ ಕಾರಣ. ಹಿಮಾಲಯದ ಕಥೆಗಳಲ್ಲಿ ಓಡಾಡಿಕೊಂಡಿದ್ದ ಪ್ರಾಣಿಯ ಹೆಸರಿಗೆ ಟೆಕ್ಸಸ್‌ನಲ್ಲಿ ಅಪ್ಪಣೆ ಕೇಳಬೇಕಾಯಿತು ನೋಡಿ.

ಇದನ್ನು ಕನ್ನಡದಲ್ಲಿ ‘ಯೇತಿ ವ್ಯಾಪಾರ ಚಿಹ್ನೆ ತಿರಸ್ಕೃತ’ ಎಂದು ಬರೆದೆ ಅಂದುಕೊಳ್ಳಿ. ಓದುವವರಿಗೆ ಏನನ್ನಿಸುತ್ತದೆ? ಯೇತಿಯ ಚಿತ್ರ ಇರುವ ಲೋಗೋ ಬೇಡ ಎಂದರು ಅನ್ನಿಸುತ್ತದೆ. ಚಿಹ್ನೆ ಎಂದ ಕೂಡಲೇ ನಮಗೆ ಕಣ್ಣಿಗೆ ಬರುವುದು ಚಿತ್ರ. ಇಲ್ಲಿ ತಕರಾರು ಇದ್ದದ್ದು ಹೆಸರಿನ ಮೇಲೆ. ನಮ್ಮ 1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲೂ ‘ಮಾರ್ಕ್’ ಎಂದರೆ ಚಿತ್ರ ಮಾತ್ರ ಅಲ್ಲ. ಹೆಸರು, ಪದ, ಅಕ್ಷರ, ಅಂಕಿ, ಸಹಿ, ಸಾಮಾನಿನ ಆಕಾರ, ಬಣ್ಣಗಳ ಜೋಡಣೆ ಎಲ್ಲವೂ ಅದರೊಳಗೆ ಬರುತ್ತವೆ. ‘ವ್ಯಾಪಾರ ಮುದ್ರೆ’ ಎಂದರೂ ಇದೇ ತೊಂದರೆ. ಅಂಗಡಿ ಮಾತಿನಲ್ಲಿ ‘ಆನೆ ಮಾರ್ಕು’, ‘ಕುದುರೆ ಮಾರ್ಕು’ ಅನ್ನುತ್ತೇವೆ. ಅಲ್ಲೂ ಪೊಟ್ಟಣದ ಮೇಲಿನ ಚಿತ್ರವೇ ಮುಖ್ಯ. ಓದಲು ಬಾರದವರೂ ಗುರುತು ಹಿಡಿಯಲಿ ಎಂದು ಬಂದ ಪದ್ಧತಿ ಅದು.

ಹಾಗಾಗಿ ‘ಹೆಸರಿನ ಹಕ್ಕು ಸಿಗಲಿಲ್ಲ’ ಎಂದು ಬರೆದು ನೋಡಿದೆ. ಚೆನ್ನಾಗಿ ಕೂತಿತು. ಮುಂದಿನ ಪುಟಕ್ಕೆ ಬಂದಾಗ ಕೆಟ್ಟಿತು. ಅಲ್ಲಿ ಸಿಯಾಟಲ್‌ನ ಕ್ರೀಡಾಂಗಣದ ವಿಷಯ ಇದೆ. ಅದಕ್ಕೆ ಹೆಸರಿಡುವ ಹಕ್ಕನ್ನು 2020ರಲ್ಲಿ ಅಮೆಜಾನ್ ದುಡ್ಡು ಕೊಟ್ಟು ಕೊಂಡುಕೊಂಡಿತು. ತನ್ನ ಹೆಸರು ಹಾಕಲಿಲ್ಲ, ‘ಕ್ಲೈಮೇಟ್ ಪ್ಲೆಜ್ ಅರೀನಾ’ ಎಂದು ಇಟ್ಟಿತು. ಇದೂ ಹೆಸರಿನ ಹಕ್ಕೇ ಅಲ್ವಾ? ಒಂದು, ಹೆಸರು ನನ್ನದು, ಬೇರೆಯವರು ಬಳಸಬಾರದು ಅನ್ನುವ ಹಕ್ಕು. ಇನ್ನೊಂದು, ಬೇರೆಯವರ ಕಟ್ಟಡಕ್ಕೆ ನಾನು ಹೇಳಿದ ಹೆಸರು ಇರಬೇಕು ಅನ್ನುವ ಹಕ್ಕು. ಸದ್ಯಕ್ಕೆ ಮೊದಲನೆಯದಕ್ಕೆ ‘ಟ್ರೇಡ್‌ಮಾರ್ಕ್’ ಎಂದೇ ಇಟ್ಟುಕೊಂಡಿದ್ದೇನೆ. ಎರಡನೆಯದಕ್ಕೆ ‘ಹೆಸರಿಡುವ ಹಕ್ಕು’. ‘ನಾಮಕರಣ ಹಕ್ಕು’ ಎಂದು ಕೆಲವರು ಬರೆಯುತ್ತಾರೆ. ನನಗೆ ಅದರಲ್ಲಿ ತೊಟ್ಟಿಲು ಕಾಣುತ್ತದೆ. ಇದಕ್ಕಿಂತ ಒಳ್ಳೆಯ ಜೋಡಿ ನಿಮ್ಮಲ್ಲಿ ಇದ್ದರೆ ಹೇಳಿ.

ಎರಡನೆಯ ಪ್ರಶ್ನೆ ‘ತಿರಸ್ಕೃತ’ದ್ದು. ಈ ವಿಷಯದಲ್ಲಿ ನನಗೆ ಸ್ವಲ್ಪ ಹಟವೇ ಇದೆ. ಕೈಬಿಟ್ಟ ಹೆಸರು, ಸೋತ ಹೆಸರು, ಕಚೇರಿ ಒಪ್ಪದ ಹೆಸರು, ಎಲ್ಲದಕ್ಕೂ ‘ತಿರಸ್ಕೃತ ಹೆಸರು’ ಎಂದು ಒಂದೇ ಮುದ್ರೆ ಒತ್ತುತ್ತಾರೆ. ಯೇತಿಯನ್ನು ತಿರಸ್ಕರಿಸಿದ್ದು ಯಾರು ಹೇಳಿ. ಜನ ಅಲ್ಲ. ಕಚೇರಿ ಮೊದಲ ಸುತ್ತಿನಲ್ಲಿ ಬೇಡ ಎಂದಿತು. ತಂಡದವರು ಆ ಕಂಪನಿಯ ಜೊತೆ ಮಾತಾಡಿದರು, ಒಪ್ಪಂದ ಆಗಲಿಲ್ಲ. ಕೊನೆಗೆ ಬಿಟ್ಟವರು ತಂಡದವರೇ. ಅದರ ಜಾಗಕ್ಕೆ ‘ವಸಾಚ್’ ಎಂಬ ಹೆಸರು ತಂದರು. ಅದು ಸಾಲ್ಟ್ ಲೇಕ್ ಸಿಟಿಯ ಪಕ್ಕದ ಬೆಟ್ಟಸಾಲು. ಊರಿನವರಿಗೇ ಅದು ಇಷ್ಟವಾಗಲಿಲ್ಲ. ಬೇಗನೇ ಅದನ್ನು ತೆಗೆದು ‘ಔಟ್‌ಲಾಸ್’ ಇಟ್ಟರು. 2025ರ ಮೇ ತಿಂಗಳಲ್ಲಿ ಗೆದ್ದ ಹೆಸರು ‘ಯೂಟಾ ಮ್ಯಾಮತ್’. ಅದಕ್ಕೂ ನೆಮ್ಮದಿ ಇಲ್ಲ. ಹಾಕಿ ಬ್ಯಾಗ್ ಮಾಡುವ ‘ಮ್ಯಾಮತ್ ಹಾಕಿ’ ಎಂಬ ಕಂಪನಿಯ ಜೊತೆ ವ್ಯಾಜ್ಯ ಕೋರ್ಟಿಗೆ ಹೋಯಿತು.

ನಮ್ಮ ಚುನಾವಣೆ ವರದಿಗಳನ್ನು ನೋಡಿ, ಎಷ್ಟು ಚೊಕ್ಕವಾಗಿ ಬಿಡಿಸಿ ಹೇಳುತ್ತಾರೆ. ಅಧಿಕಾರಿ ಒಪ್ಪದಿದ್ದರೆ ನಾಮಪತ್ರ ತಿರಸ್ಕೃತ. ಅಭ್ಯರ್ಥಿಯೇ ಹಿಂದೆ ಸರಿದರೆ ನಾಮಪತ್ರ ವಾಪಸ್. ಪಕ್ಷ ಕೈಬಿಟ್ಟರೆ ಟಿಕೆಟ್ ತಪ್ಪಿತು. ಜನ ಓಟು ಹಾಕದಿದ್ದರೆ ಸೋಲು. ತೀರಾ ಕಡಿಮೆ ಬಿದ್ದರೆ ಠೇವಣಿಯೂ ಹೋಯಿತು. ಹಾಕಿ ಹೆಸರುಗಳಿಗೂ ಇದೇ ಲೆಕ್ಕ ಹಿಡಿದರೆ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಸ್ಯಾನ್ ಹೋಸೆ ತಂಡದ್ದು ಟಿಕೆಟ್ ತಪ್ಪಿದ ಕಥೆ. 1990ರ ಹೆಸರಿನ ಸ್ಪರ್ಧೆಯಲ್ಲಿ ‘ಬ್ಲೇಡ್ಸ್’ ಎಲ್ಲಕ್ಕಿಂತ ಮುಂದಿತ್ತು. ಸ್ಕೇಟಿಂಗ್ ಬೂಟಿನ ಕೆಳಗಿನ ಬ್ಲೇಡು. ಆದರೆ ಬ್ಲೇಡ್ ಎಂದರೆ ಪುಂಡರ ಗ್ಯಾಂಗು, ಚಾಕು ನೆನಪಾಗುತ್ತದೆ ಎಂದು ಬಿಟ್ಟುಬಿಟ್ಟರು. ಎರಡನೆಯ ಸ್ಥಾನದ ‘ಶಾರ್ಕ್ಸ್’ ಬಂತು. ಒಳ್ಳೆಯದೇ ಆಯಿತು ಅನ್ನಿ. ಬೆಂಗಳೂರಿನ ಕಡೆಯವರಿಗೆ ಬ್ಲೇಡ್ ಕಂಪನಿ ಎಂದರೆ ದುಡ್ಡು ಕಟ್ಟಿಸಿಕೊಂಡು ಓಡಿಹೋಗುವ ಕಂಪನಿ.

ನ್ಯಾಶ್‌ವಿಲ್‌ನಲ್ಲಿ ಇನ್ನೂ ತಮಾಷೆ. ಅಲ್ಲಿ ಐಸ್ ಟೈಗರ್ಸ್, ಫ್ಯೂರಿ, ಅಟ್ಯಾಕ್ ಎಂಬ ಮೂರು ಹೆಸರು ಕಣದಲ್ಲಿದ್ದವು. ಮಾಲೀಕ ಕ್ರೇಗ್ ಲೈಪೋಲ್ಡ್ ತನ್ನದೇ ಒಂದು ಹೆಸರು ಸೇರಿಸಿದರು, ‘ಪ್ರೆಡೇಟರ್ಸ್’. ಓಟಿನಲ್ಲಿ ಅದೇ ಗೆದ್ದಿತು! ಅಲ್ಲಿ ಉಳಿದ ಮೂರು ಸೋತ ಹೆಸರುಗಳು. ತಿರಸ್ಕೃತ ಅಲ್ಲ.

ಲಾಸ್ ವೇಗಸ್‌ನದು ದೊಡ್ಡ ಕಥೆ. ಮಾಲೀಕ ಬಿಲ್ ಫೋಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಓದಿದವರು. ಅಲ್ಲಿನ ತಂಡಗಳ ಹೆಸರು ‘ಬ್ಲ್ಯಾಕ್ ನೈಟ್ಸ್’. ಅವರ ಒಂದು ಕಂಪನಿಯ ಹೆಸರೂ ‘ಬ್ಲ್ಯಾಕ್ ನೈಟ್’. ಹಾಕಿ ತಂಡಕ್ಕೂ ಅದೇ ಬೇಕು ಎಂಬ ಆಸೆ ಇತ್ತು, ಬಿಡಬೇಕಾಯಿತು. ಬರೀ ‘ನೈಟ್ಸ್’ ಎನ್ನೋಣ ಎಂದರೆ ಕೆನಡಾದಲ್ಲಿ ‘ಲಂಡನ್ ನೈಟ್ಸ್’ ಎಂಬ ಕಿರಿಯರ ತಂಡ ಅಡ್ಡ ಬಂತು. ಇದು ಇಂಗ್ಲೆಂಡಿನ ಲಂಡನ್ ಅಲ್ಲ, ಒಂಟಾರಿಯೋದ ಲಂಡನ್. 2016ರ ನವೆಂಬರ್‌ನಲ್ಲಿ ‘ವೇಗಸ್ ಗೋಲ್ಡನ್ ನೈಟ್ಸ್’ ಎಂದು ಸಾರಿದರು. ಮುಂದಿನ ತಿಂಗಳೇ ಟ್ರೇಡ್‌ಮಾರ್ಕ್ ಕಚೇರಿ ತಡೆಯಿತು. ನ್ಯೂಯಾರ್ಕ್ ರಾಜ್ಯದ ಆಲ್ಬನಿಯ ಸೇಂಟ್ ರೋಸ್ ಕಾಲೇಜಿನ ತಂಡಗಳೂ ಗೋಲ್ಡನ್ ನೈಟ್ಸ್ ಎಂದು! ಅದನ್ನು ದಾಟಿದರೆ 2018ರ ಜನವರಿಯಲ್ಲಿ ಅಮೆರಿಕದ ಸೇನೆಯೇ ಎದ್ದು ನಿಂತಿತು. ಅವರ ಪ್ಯಾರಾಚೂಟ್ ತಂಡದ ಹೆಸರೂ ಅದೇ. ಅದೇ ವರ್ಷದ ಜುಲೈನಲ್ಲಿ ಇಬ್ಬರೂ ಹೆಸರು ಬಳಸಬಹುದು ಎಂದು ಮಾತಾಯಿತು. ಕಾಲೇಜು 2024ರಲ್ಲಿ ಬಾಗಿಲು ಹಾಕಿತು. ಹಾಕಿ ತಂಡ 2023ರಲ್ಲಿ ಎನ್‌ಎಚ್‌ಎಲ್‌ನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದಿತ್ತು.

ಇಲ್ಲಿ ಮೂರು ಬೇರೆ ಬೇರೆ ಕೆಲಸ ನಡೆದಿವೆ. ಕಚೇರಿ ಅರ್ಜಿಗೆ ಒಪ್ಪದೇ ಇದ್ದದ್ದು ಒಂದು. ಹೊರಗಿನವರು ಬಂದು ಕೊಡಬೇಡಿ ಎಂದದ್ದು ಇನ್ನೊಂದು. ಆಮೇಲೆ ಕೂತು ಬಗೆಹರಿಸಿಕೊಂಡದ್ದು ಮತ್ತೊಂದು. ನಾನು ತಾಲ್ಲೂಕು ಕಚೇರಿಯ ಮಾತುಗಳನ್ನೇ ತಂದಿದ್ದೇನೆ: ನಾಮಂಜೂರು, ತಕರಾರು ಅರ್ಜಿ, ರಾಜಿ. ಖಾತೆ ಬದಲಾವಣೆ ಮಾಡಿಸಿದ ಯಾರಿಗಾದರೂ ಇವು ಗೊತ್ತು. ‘ಸಹ-ಅಸ್ತಿತ್ವ ಒಪ್ಪಂದ’ ಎಂದೆಲ್ಲ ಬರೆಯುವ ಬದಲು ‘ಸೇನೆ ತಕರಾರು ಹಾಕಿತು, ಕೊನೆಗೆ ರಾಜಿಯಾಯಿತು’ ಎಂದರೆ ಸಾಕಲ್ವಾ? ನನ್ನ ತಂಗಿ ಓದಿ, ‘ಇದು ಹಾಕಿನೋ ಜಮೀನು ವ್ಯಾಜ್ಯನೋ’ ಎಂದಳು. ಎರಡೂ ಹೌದು ಎಂದೆ. ನಿಮಗೂ ಹಾಗೆ ಅನ್ನಿಸಿದರೆ ತಿಳಿಸಿ. ‘ನಾಮಂಜೂರು’ ನೋಡಿ ಇದು ‘ನಾಮ’ಕ್ಕೆ ಸಂಬಂಧಿಸಿದ ಪದ ಎಂದು ಯಾರಾದರೂ ಓದಿಕೊಂಡಾರು ಎಂಬ ಅಳುಕೂ ಇದೆ. ಅದು ‘ಮಂಜೂರು’ ಪದಕ್ಕೆ ‘ನಾ’ ಸೇರಿದ್ದು, ಗೊತ್ತಲ್ಲ.

ಇನ್ನೊಂದು ತರಲೆ ಲಿಪಿಯದ್ದು. ‘ಗೋಲ್ಡನ್ ನೈಟ್ಸ್’ ಎಂದು ಕನ್ನಡದಲ್ಲಿ ಬರೆದರೆ ಅದು ಕುದುರೆ ಏರಿದ ವೀರರೋ, ಬಂಗಾರದ ರಾತ್ರಿಗಳೋ? ಊರು ಲಾಸ್ ವೇಗಸ್ ಬೇರೆ! ಓದುವವರು ಖಂಡಿತ ರಾತ್ರಿಗಳನ್ನೇ ಆರಿಸಿಕೊಳ್ಳುತ್ತಾರೆ. ಕೋಲ್ಕತ್ತದ ‘ನೈಟ್ ರೈಡರ್ಸ್’ ಅಂದರೆ ರಾತ್ರಿ ಸವಾರರು ಎಂದು ತಿಳಿದವರು ನಮ್ಮಲ್ಲಿ ಕಡಿಮೆಯೇನಿಲ್ಲ. ನಮ್ಮ ಹುಲ್ಲಿನ ಹಾಕಿಯಲ್ಲೂ ಇದೇ ಆಗಿತ್ತು. 2013ರಲ್ಲಿ ಶುರುವಾದ ಹಾಕಿ ಇಂಡಿಯಾ ಲೀಗ್‌ನಲ್ಲಿ ‘ರಾಂಚಿ ರೈನೋಸ್’ ಎಂಬ ತಂಡ ಇತ್ತು. ಅದು ಹೋಗಿ 2015ರಲ್ಲಿ ‘ರಾಂಚಿ ರೇಸ್’ ಬಂತು. ಧೋನಿ ಪಾಲುದಾರರಾಗಿದ್ದ ತಂಡ. ಅದು ಓಟದ ರೇಸ್ ಅಲ್ಲ, ಕಿರಣಗಳು. ಕನ್ನಡದಲ್ಲಿ ಎರಡಕ್ಕೂ ಒಂದೇ ಬರಹ. ನಾನು ಲೇಖನದಲ್ಲಿ ಒಂದು ಸಲ ‘ಗೋಲ್ಡನ್ ನೈಟ್ಸ್, ಅಂದರೆ ಬಂಗಾರದ ಕವಚದ ವೀರರು’ ಎಂದು ಬಿಡಿಸಿ ಹೇಳಿ ಮುಂದೆ ಹೋಗಿದ್ದೇನೆ. ಲಿಪಿಗೆ ಚುಕ್ಕಿ ಇಟ್ಟು ಬೇರೆ ಮಾಡುವ ಸಲಹೆ ಮಾತ್ರ ದಯವಿಟ್ಟು ಬೇಡ.

ಕಂಪನಿಯ ಹೆಸರು ತಂಡದ ಹೆಸರಿನೊಳಗೇ ಬಂದಾಗ ಏನು ಮಾಡಬೇಕು ಎಂದೂ ಕೇಳಬೇಕಿತ್ತು. ಎನ್‌ಎಚ್‌ಎಲ್‌ನಲ್ಲಿ ಇದು ಕಡಿಮೆ. 2020-21ರಲ್ಲಿ ಹೆಲ್ಮೆಟ್ ಮೇಲೆ, 2022-23ರಿಂದ ಅಂಗಿಯ ಮೇಲೆ ಜಾಹೀರಾತು ಬಂತು. ಹೆಸರಿಗೆ ಕೈ ಹಾಕಿಲ್ಲ. ಡಿಸ್ನಿ ಕಂಪನಿ ಮಾತ್ರ 1993ರಲ್ಲಿ ತಾನೇ ತೆಗೆದ ಸಿನಿಮಾದ ಹೆಸರನ್ನು ತಂಡಕ್ಕೆ ಇಟ್ಟಿತು, ‘ಮೈಟಿ ಡಕ್ಸ್ ಆಫ್ ಆನಹೈಮ್’. ತಂಡ ಬೇರೆಯವರ ಕೈಗೆ ಹೋದ ಮೇಲೆ 2006ರಲ್ಲಿ ‘ಮೈಟಿ’ ಹೋಯಿತು. ಮುಂದಿನ ವರ್ಷವೇ ಬರೀ ಡಕ್ಸ್ ಕಪ್ ಗೆದ್ದಿತು. ಯುರೋಪಿನಲ್ಲಿ ಸಂಕೋಚವೇ ಇಲ್ಲ: ‘ರೆಡ್ ಬುಲ್ ಮ್ಯೂನಿಕ್’. ನಮ್ಮಲ್ಲೂ ಅಷ್ಟೇ. ಜೇಪೀ ಪಂಜಾಬ್ ವಾರಿಯರ್ಸ್, ವೇದಾಂತ ಕಳಿಂಗ ಲ್ಯಾನ್ಸರ್ಸ್, ಜೆಎಸ್‌ಡಬ್ಲ್ಯು ಸೂರ್ಮಾ. ಕ್ರಿಕೆಟ್‌ನಲ್ಲಿ ನಮ್ಮ ಆರ್‌ಸಿಬಿಯ ‘ರಾಯಲ್ ಚಾಲೆಂಜರ್ಸ್’ ಬಂದದ್ದೂ ವಿಸ್ಕಿ ಬ್ರಾಂಡಿನಿಂದಲೇ. ವರದಿಯಲ್ಲಿ ಕಂಪನಿ ಹೆಸರು ಮೊದಲ ಸಲ ಬರಲಿ, ಆಮೇಲೆ ಬೇಡ ಎಂಬುದು ನನ್ನ ಅಭಿಪ್ರಾಯ. ಅವರು ದುಡ್ಡು ಕೊಟ್ಟಿರುವುದು ತಂಡಕ್ಕೆ, ನಮ್ಮ ಪತ್ರಿಕೆಗೆ ಅಲ್ಲ.

ಕೊನೆಯ ಪ್ರಶ್ನೆ ಕ್ರಿಯಾಪದದ್ದು. ‘ಶಾರ್ಕ್ಸ್ ಗೆದ್ದಿತು’, ‘ಶಾರ್ಕ್ಸ್ ಗೆದ್ದವು’, ‘ಶಾರ್ಕ್ಸ್ ಗೆದ್ದರು’, ಯಾವುದು? ಪತ್ರಿಕೆಗಳು ‘ತಂಡ’ ಎಂಬ ಪದವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ‘ಗೆದ್ದಿತು’ ಎನ್ನುತ್ತವೆ. ಸರಿಯೇ. ಆದರೆ ಮುಂದಿನ ವಾಕ್ಯದಲ್ಲೇ ‘ತಮ್ಮ ಮೂರನೇ ಗೆಲುವು’ ಎಂದು ಜಾರುತ್ತವೆ. ‘ಶಾರ್ಕ್ಸ್‌ಗಳು’ ಎಂದು ಬಹುವಚನಕ್ಕೆ ಇನ್ನೊಂದು ಬಹುವಚನ ಅಂಟಿಸುವವರೂ ಇದ್ದಾರೆ. ಕೊಡಗಿನ ಕುಟುಂಬ ಹಾಕಿಯಲ್ಲಿ ಈ ತಲೆನೋವು ಬೇರೆ ರೀತಿ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದ ಆ ಹಬ್ಬದಲ್ಲಿ ತಂಡದ ಹೆಸರೇ ಮನೆತನದ ಹೆಸರು. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಆಡಿದವು. ಹೆಸರು ಹುಡುಕುವ ಸಮಿತಿ ಬೇಡ, ಓಟು ಬೇಡ, ಟ್ರೇಡ್‌ಮಾರ್ಕ್ ಬೇಡ. ಆದರೆ ‘ಕುಲ್ಲೇಟಿರ ಗೆದ್ದಿತು’ ಎಂದರೆ ಮನೆಯವರನ್ನೆಲ್ಲ ‘ಅದು’ ಎಂದಂತೆ ಕೇಳುತ್ತದೆ. ‘ಗೆದ್ದರು’ ಎಂದರೆ ಸರಿ ಹೋಗುತ್ತದೆ. ಕೊಡಗಿನ ಗೆಳೆಯರು ಏನು ಬರೆಯುತ್ತೀರಿ?

ಈಗಿನ ಕೆಲವು ಹೆಸರುಗಳಲ್ಲಿ ಕೊನೆಯ ‘ಸ್’ ಇಲ್ಲವೇ ಇಲ್ಲ. ಮಿನೆಸೋಟಾ ವೈಲ್ಡ್, ಸಿಯಾಟಲ್ ಕ್ರಾಕನ್, ಯೂಟಾ ಮ್ಯಾಮತ್. ಇವಕ್ಕೆ ‘ಗೆದ್ದಿತು’ ತಾನಾಗಿ ಬರುತ್ತದೆ. ಆದರೆ ಒಂದೇ ವರದಿಯಲ್ಲಿ ‘ಮ್ಯಾಮತ್ ಗೆದ್ದಿತು, ಶಾರ್ಕ್ಸ್ ಸೋತವು’ ಎಂದು ಬಂದರೆ ಕಿವಿಗೆ ಒಂದು ಥರ ಆಗುತ್ತದೆ. ಎರಡಕ್ಕೂ ಏಕವಚನ ಹಾಕೋಣ ಎಂದಿದ್ದೇನೆ. ಹಳೆಯ ಕ್ರೀಡಾ ಪುಟಗಳಲ್ಲಿ ಬೇರೆ ಪದ್ಧತಿ ನೋಡಿದವರು ಉದಾಹರಣೆ ಸಮೇತ ಬರೆಯಿರಿ. ಲೇಖನ ಅಚ್ಚಿಗೆ ಹೋಗುವ ಮೊದಲು ತಿದ್ದಲು ಇನ್ನೂ ಸಮಯ ಇದೆ.