ಪದಚರ್ಚೆ: ಜಿಂಕೆಯ ‘ಹಕ್ಕೆ’, ಗಂಡಿನ ‘ಬೆದೆ’

ಎಲ್ಲರಿಗೂ ನಮಸ್ಕಾರ.

ಅಮೆರಿಕದ ವಿಸ್ಕಾನ್ಸಿನ್ ಕಡೆಯ ಬಿಳಿಬಾಲದ ಜಿಂಕೆ ಬೇಟೆಯ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಲ್ಲಿ ಅದಕ್ಕೆ ಲೈಸೆನ್ಸ್ ಇದೆ, ಕಾಲ ಗೊತ್ತುಮಾಡಿದ್ದಾರೆ. ಕೆಲವು ಮಾತಿಗೆ ನಿಮ್ಮ ಸಹಾಯ ಬೇಕು.

ಮೊದಲು ಕ್ಯಾಮೆರಾ. ಜಿಂಕೆ ಓಡಾಡುವ ಕಡೆ ಮರಕ್ಕೆ ಸೊಂಟದೆತ್ತರದಲ್ಲಿ ಕಟ್ಟುತ್ತಾರೆ. ಬಿಸಿಲು ನೇರ ಬೀಳದ ಹಾಗೆ ಉತ್ತರಕ್ಕೆ ಮುಖ ಮಾಡಿರುತ್ತಾರೆ. ಮೈಬಿಸಿ ಇರುವ ಪ್ರಾಣಿ ಎದುರು ಹಾದರೆ ತಾನೇ ಫೋಟೊ ತೆಗೆಯುತ್ತದೆ. ಫೋಟೊದ ಅಂಚಿನಲ್ಲಿ ದಿನ, ಹೊತ್ತು, ಉಷ್ಣತೆ, ಎಷ್ಟೋ ಸಲ ಚಂದ್ರನ ಕಲೆಯೂ ಇರುತ್ತದೆ. ನಾಗರಹೊಳೆಯಲ್ಲಿ 1990ರ ದಶಕದಿಂದ ಹುಲಿ ಎಣಿಸಲು ಕಟ್ಟುತ್ತಿರುವುದೂ ಇಂಥದ್ದನ್ನೇ. ನಮ್ಮ ಪತ್ರಿಕೆಗಳು ಅದನ್ನು ‘ಕ್ಯಾಮೆರಾ ಟ್ರ್ಯಾಪ್’ ಎನ್ನುತ್ತವೆ. ಬೇಟೆಯ ಮಾತಿನ ನಡುವೆ ಹಾಗೆ ಬರೆದರೆ ಪ್ರಾಣಿ ಬೋನಿಗೆ ಬಿತ್ತೇನೋ ಅನ್ನಿಸುತ್ತದೆ, ಅಲ್ವಾ? ‘ಜಾಡು ಕ್ಯಾಮೆರಾ’ ನನಗೆ ಹಿಡಿಸಿದೆ. ಅರಿಜೋನಾದಲ್ಲಿ ಬೇಟೆಗೆ ಇದನ್ನು ಬಳಸುವಂತಿಲ್ಲ ಅಂತ 2022ರಿಂದ ನಿಯಮವೇ ಇದೆ. ಅದು ಸರಿಯಾದ ನಿಯಮ ಅಂತ ನನ್ನ ಅನಿಸಿಕೆ.

ಗಾಳಿಯ ವಿಷಯ ಇನ್ನೂ ಸೂಕ್ಷ್ಮ. ಗುಡ್ಡಗಾಡಿನಲ್ಲಿ ಬಿಸಿಲೇರಿದ ಹಾಗೆ ಗಾಳಿ ಇಳಿಜಾರಿನ ಮೇಲಕ್ಕೆ ಸರಿಯುತ್ತದೆ, ಸಂಜೆ ತಂಪಾದ ಮೇಲೆ ಕಣಿವೆಗೆ ಇಳಿಯುತ್ತದೆ. ಮನುಷ್ಯನ ವಾಸನೆಯೂ ಅದರ ಜೊತೆಗೇ ಹೋಗುತ್ತದೆ. ಹಾಗಾಗಿ ಬೇಟೆಗಾರ ಬೆಳಿಗ್ಗೆ ಕೂರುವ ಜಾಗ ಸಂಜೆಗೆ ಆಗಿಬರುವುದಿಲ್ಲ. ‘ಏರುಗಾಳಿ’, ‘ಇಳಿಗಾಳಿ’ ಅಂತ ಬರೆದಿದ್ದೇನೆ. ಮಲೆನಾಡಿನಲ್ಲಿ ಇದಕ್ಕೆ ಬಳಕೆಯ ಮಾತು ಇದೆಯಾ?

ಹಗಲು ಜಿಂಕೆ ಮಲಗುವ ತಾಣಕ್ಕೆ ‘ಹಕ್ಕೆ’ ಅಂದಿದ್ದೇನೆ. ‘ಆವಾಸಸ್ಥಾನ’ ಇಡೀ ಕಾಡಿಗೆ ಸಲ್ಲುವ ಮಾತು. ಹಕ್ಕೆ ಅಂದರೆ ಹುಲ್ಲು ಮೈಯಗಲಕ್ಕೆ ಒತ್ತಿಕೊಂಡಿರುವ ಆ ಒಂದು ಜಾಗ. ಹಕ್ಕೆ ಎಲ್ಲಿ, ಜಿಂಕೆ ತಿನ್ನುವ ಓಕ್ ಕಾಯಿ ಉದುರುವುದು ಎಲ್ಲಿ, ಎರಡರ ನಡುವಿನ ದಾರಿ ಯಾವುದು ಅಂತ ತಿಳಿದವರು ಅಲ್ಲೇ ಕ್ಯಾಮೆರಾ ಕಟ್ಟುತ್ತಾರೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು, ನಿಲ್ಲಲೇಬೇಕಿತ್ತು. ಆದರೆ ಜಾಡು, ಹಿಕ್ಕೆ (ಪ್ರಾಣಿಯ ಲದ್ದಿ), ಹಕ್ಕೆ, ಮರಸು (ಪ್ರಾಣಿಗಾಗಿ ಅಡಗಿ ಕೂರುವುದು), ಸೋವು (ಪ್ರಾಣಿಯನ್ನು ಎಬ್ಬಿಸಿ ಓಡಿಸುವುದು) ಇವೆಲ್ಲ ಕಾಡನ್ನು ನೋಡಿ ನೋಡಿ ಹುಟ್ಟಿದ ಮಾತು. ಕಾಡಿನ ಬಗ್ಗೆ ಬರೆಯುವವರು ಇವನ್ನು ಬಿಡಬಾರದು.

ನನ್ನ ಮುಖ್ಯ ಪ್ರಶ್ನೆ ಇದು. ನವೆಂಬರ್ ಹೊತ್ತಿಗೆ ಅಲ್ಲಿ ಗಂಡು ಜಿಂಕೆಗಳ ವರಸೆಯೇ ಬದಲಾಗುತ್ತದೆ. ಕೊಂಬನ್ನು ಮರಕ್ಕೆ ತಿಕ್ಕುತ್ತವೆ, ಬಾಗಿದ ಕೊಂಬೆಯ ಕೆಳಗೆ ನೆಲ ಕೆರೆದು ಉಚ್ಚೆ ಹೊಯ್ಯುತ್ತವೆ, ಹಗಲಲ್ಲೇ ಹೆಣ್ಣಿನ ಹಿಂದೆ ಅಲೆಯುತ್ತವೆ. ಇದಕ್ಕೆ ‘ಬೆದೆಗಾಲ’ ಅನ್ನಬಹುದಾ? ಹಸು, ಎಮ್ಮೆ ಬೆದೆಗೆ ಬಂತು ಅನ್ನುತ್ತೇವೆ. ಬಿತ್ತನೆಗೆ ಹದವಾದ ನೆಲಕ್ಕೂ ಬೆದೆ ಅನ್ನುವುದುಂಟು. ಗಂಡಿಗೆ ಹೇಳಿದ್ದನ್ನು ನಾನು ಕೇಳಿಲ್ಲ. ‘ಮದ’ ಅಂದರೆ ಆನೆ ನೆನಪಾಗುತ್ತದೆ. ಕುರಿ ಸಾಕುವವರು ಟಗರಿಗೆ, ಮೇಕೆ ಸಾಕುವವರು ಹೋತಕ್ಕೆ ಏನನ್ನುತ್ತಾರೆ? ಯಾವ ಊರ ಕಡೆಯ ಮಾತು ಅಂತಲೂ ತಿಳಿಸಿ.